ಹಿಂದಿನ ಕೋಣೆಯ ವೇಳಾಪಟ್ಟಿ

ಬುಧವಾರ, ಮಧ್ಯಾಹ್ನ ಒಂದೂವರೆ

ಮುಂದಿನ ಕೋಣೆಯಲ್ಲಿರುವ ಅಮ್ಮನಿಗೆ,

ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡುವ ಹಾಗಿಲ್ಲ. ನೀನು ಕ್ಷೇಮವಾಗಿರುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಈಗಷ್ಟೇ ನೀನು ಮೆಷಿನ್ನಿಗೆ ಎಣ್ಣೆ ಬಿಟ್ಟೆ, ಗಂಟಲು ಸರಿಮಾಡಿಕೊಂಡೆ, ಅಳತೆ ಕೊಡಲು ಬಂದವರಿಗೆ 'ಸ್ವಲ್ಪ ತಿರುಗಿ' ಎಂದೆ. ನಮ್ಮಿಬ್ಬರ ನಡುವೆ ಇರುವುದು ಒಂದು ಬಾಗಿಲು, ಅದಕ್ಕೊಂದು ಪರದೆ. ಹನ್ನೆರಡು ಹೆಜ್ಜೆ ದೂರಕ್ಕೆ ಕಾಗದ ಬರೆಯುವ ಮಗಳು ಈ ಬೀದಿಯಲ್ಲಿ ಇನ್ನೊಬ್ಬಳಿರಲಾರಳು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಾನು ಬಾಯಿ ಬಿಡಬಾರದೆಂದು ನಿಯಮ ಮಾಡಿದವಳು ನೀನೇ. ಏಳರ ಮೇಲೆ ನೀನು ದಣಿದಿರುತ್ತೀಯ. ಹಾಗಾಗಿ ಕಾಗದ.

ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲ. ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಒಂದೂವರೆ ವರ್ಷದಿಂದ ಬಂದವರಿಗೆಲ್ಲ ಬೇರೆಯದೇ ಕಥೆ ಹೇಳಿ ಹೇಳಿ ಈಗ ನೀನೂ ಅದನ್ನೇ ನಂಬತೊಡಗಿದ್ದೀಯ ಎಂಬ ಭಯ ನನಗೆ. ಹೋದ ತಿಂಗಳು ಊಟಕ್ಕೆ ಕೂತಾಗ, 'ನಿಮ್ಮ ಹಾಸ್ಟೆಲಲ್ಲಿ ಈಗ್ಲೂ ನೀರಿನ ತೊಂದ್ರೆನಾ?' ಎಂದು ನೀನು ಕೇಳಿದೆ. ಕೇಳಿ ಮುಗಿದ ಮೇಲೆ ನಿನಗೇ ಹೊಳೆದು, ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆಗ ನನಗೆ ನಗು ಬಂತು. ಮರುದಿನ ಅದನ್ನೇ ನೆನೆಸಿಕೊಂಡರೆ ನಗು ಬರಲಿಲ್ಲ.

ಮೊದಲು ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ನನ್ನನ್ನು ಕಾಲೇಜಿನಿಂದ ಯಾರೂ ಓಡಿಸಲಿಲ್ಲ. ಯಾರೂ ಬೈದಿರಲಿಲ್ಲ, ಕಾಡಿರಲಿಲ್ಲ. ಹುಡುಗನ ವಿಷಯವೂ ಅಲ್ಲ. ನೀನು ಅದನ್ನು ಮೂರು ಸಲ ಮೂರು ರೀತಿಯಲ್ಲಿ ತಿರುಗಿಸಿ ಕೇಳಿದ್ದೀಯ, ಮೂರು ಸಲವೂ ನಾನು ಹೇಳಿದ್ದು ನಿಜ. ಎರಡನೇ ವರ್ಷದಲ್ಲಿ ಒಂದು ಬೆಳಿಗ್ಗೆ ಏಳಲಾಗಲಿಲ್ಲ, ಅಷ್ಟೇ. ಮರುದಿನವೂ ಆಗಲಿಲ್ಲ. ಮೊದಲ ವಾರ ಗೆಳತಿಯರು ಮೈಗಳ್ಳಿ ಎಂದು ಹಾಸ್ಯ ಮಾಡಿದರು. ಎರಡನೇ ವಾರ ನೋಟ್ಸ್ ತಂದು ಮಂಚದ ಮೇಲಿಟ್ಟರು. ಮೂರನೇ ವಾರದಿಂದ ನನ್ನ ಹೆಸರು ಕರೆಯುವುದನ್ನೇ ಬಿಟ್ಟರು. ಪರೀಕ್ಷೆಯ ದಿನ ಹಾಲ್ ಟಿಕೆಟ್ ದಿಂಬಿನ ಕೆಳಗಿತ್ತು, ಪೆನ್ನಿಗೆ ಹೊಸ ರಿಫಿಲ್ ಹಾಕಿದ್ದೆ. ಮೊದಲ ಗಂಟೆ ಕೇಳಿಸಿತು. ಇನ್ನು ಒಳಗೆ ಬಿಡುವುದಿಲ್ಲ ಎನ್ನುವ ಎರಡನೇ ಗಂಟೆಯೂ ಕೇಳಿಸಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಸಂಜೆ ವಾರ್ಡನ್ ನಿನಗೆ ಫೋನ್ ಮಾಡಿದರು.

ನೀನು ಬಂದೆ. ನನ್ನ ಮೇಲೆ ಕೈ ಮಾಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ನನ್ನ ತಲೆ ಬಾಚಿ, ಬಟ್ಟೆಗಳನ್ನು ನೀಟಾಗಿ ಮಡಿಸಿ ಸೂಟ್‌ಕೇಸಿಗೆ ತುಂಬಿದೆ. ಬಸ್ಸಿನಲ್ಲಿ ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ನನ್ನ ಬಾಯಿಗಿಟ್ಟೆ. ಐದು ಗಂಟೆಯ ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದಕ್ಕೆ ನಾನು ಸಾಯುವವರೆಗೂ ನಿನಗೆ ಋಣಿ. ಮುಂದೆ ಬರೆಯುವುದನ್ನು ಓದುವಾಗ ಇದನ್ನೂ ನಾನೇ ಬರೆದಿದ್ದೆ ಎಂಬುದು ನೆನಪಿರಲಿ.

ನಿಲ್ದಾಣದಲ್ಲಿ ಇಳಿದಾಗ ಮೂಲೆಮನೆಯವರು ಎದುರಾಗಿ, 'ಏನು, ರಜೆಯಾ?' ಎಂದರು. ನೀನು 'ಹೂಂ, ಹದಿನೈದು ದಿನ' ಎಂದೆ. ನಾನೂ ತಲೆಯಾಡಿಸಿದೆ. ಆ ಹೊತ್ತಿಗೆ ಅದು ಸುಳ್ಳು ಎಂದು ನಮ್ಮಿಬ್ಬರಿಗೂ ಅನಿಸಲಿಲ್ಲ. ಹದಿನೈದು ದಿನದಲ್ಲಿ ನಾನು ಸರಿಹೋಗಿ ವಾಪಸ್ಸು ಹೋಗುತ್ತೇನೆ ಎಂದು ನೀನು ನಂಬಿದ್ದೆ. ನಾನೂ ನಂಬಿದ್ದೆ.

ಹದಿನೈದು ದಿನ ಮುಗಿಯಿತು. ನಾನು ಸರಿಹೋಗಲಿಲ್ಲ. ಆದರೆ ಮೂಲೆಮನೆಯವರು ದಿನ ಎಣಿಸಿಕೊಂಡಿದ್ದರು, 'ಯಾವಾಗ ಹೊರಡ್ತಾಳೆ?' ಎಂದು ಎರಡು ಸಲ ಕೇಳಿದರು. ಆಗ ನೀನು ಮಾಡಿದ್ದನ್ನು ಬೇರೆ ಯಾವ ತಾಯಿಯೂ ಮಾಡಿರಲಾರಳು. ಸೂಟ್‌ಕೇಸಿಗೆ ಎರಡು ದಿಂಬು ತುಂಬಿದೆ, ಖಾಲಿ ಪೆಟ್ಟಿಗೆ ಕೈಯಲ್ಲಿ ತೂಗಾಡಿದರೆ ಜನಕ್ಕೆ ಗೊತ್ತಾಗುತ್ತದೆ ಎಂದು. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಬೀದಿಯ ಎದುರು ನನ್ನನ್ನು ಬಸ್ಸು ಹತ್ತಿಸಿದೆ. ಟೀಚರಮ್ಮ ದಾರಿಗೆಂದು ಬಿಸ್ಕತ್ತು ಕೊಟ್ಟರು. ನಾನು ಮೂರನೇ ನಿಲ್ದಾಣದಲ್ಲಿ ಇಳಿದು, ಒಂದು ಪಾರ್ಕಿನ ಬೆಂಚಿನ ಮೇಲೆ ಐದು ಗಂಟೆ ಕೂತು, ಬಿಸ್ಕತ್ತು ತಿಂದು, ಮಧ್ಯಾಹ್ನ ಬೀದಿ ಮಲಗಿರುವ ಹೊತ್ತು ನೋಡಿಕೊಂಡು ಹಿತ್ತಲ ಕಡೆಯಿಂದ ಮನೆಗೆ ನುಗ್ಗಿದೆ. ನಮ್ಮ ಮನೆಗೇ ನಾನು ಕಳ್ಳಿ. ಆ ಬೆಳಿಗ್ಗೆ ಬಸ್ಸು ಹೊರಟಾಗ ನೀನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನಟನೆಯಾಗಿರಲಿಲ್ಲ, ನಿಜವಾದ ಕಣ್ಣೀರೇ. ಯಾವುದಕ್ಕಾಗಿ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಅಲ್ಲಿಂದಾಚೆಗೆ ಇದೇ ನಡೆಯಿತು. ಕಾಲೇಜಿಗೆ ರಜೆ ಬಂದಾಗ ನಾನು ಹಿತ್ತಲಿಂದ ಹೋಗಿ ಬೀದಿಯಿಂದ ಬರಬೇಕು. ರಜೆ ಮುಗಿದಾಗ ಬೀದಿಯಿಂದ ಹೋಗಿ ಹಿತ್ತಲಿಂದ ಬರಬೇಕು. ರಜೆಯ ಆ ಎರಡು ವಾರ ಮಾತ್ರ ನಾನು ಕಿಟಕಿ ತೆರೆಯಬಹುದು, ಅಂಗಡಿಗೆ ಹೋಗಬಹುದು, ಸೀನಬಹುದು. ಉಳಿದ ದಿನ ನಾನು ಐದು ಗಂಟೆ ದೂರದಲ್ಲಿದ್ದೇನೆ. ಫ್ಯಾನ್ ಕಿರುಗುಟ್ಟುತ್ತದೆ, ಹಾಗಾಗಿ ಹತ್ತರ ಮೇಲೆ ಫ್ಯಾನಿಲ್ಲ. ಬಚ್ಚಲಿಗೆ ಹೋಗಬೇಕಾದರೆ ಗೋಡೆಗೆ ಎರಡು ಸಲ ಮೆಲ್ಲಗೆ ತಟ್ಟಬೇಕು, ನೀನು ಬಟ್ಟೆಯಿಲ್ಲದೆ ಖಾಲಿ ಮೆಷಿನ್ ಓಡಿಸುತ್ತೀಯ, ಆ ಸದ್ದಿನಲ್ಲಿ ನಾನು ನೀರು ಹಾಕಿ ಬರಬೇಕು. ಒಮ್ಮೆ ನಾನು ತಡೆಯಲಾರದೆ ಸೀನಿದಾಗ ನೀನು 'ಬೆಕ್ಕು' ಎಂದೆ. ಮೂಲೆಮನೆಯವರು ಅಂದಿನಿಂದ ಬೆಕ್ಕಿಗೆಂದು ಹಳಸಿದ ಹಾಲು ತಂದುಕೊಡುತ್ತಿದ್ದಾರೆ. ನೀನು ಅದನ್ನು ತೆಗೆದುಕೊಂಡು 'ಪಾಪ, ಎಷ್ಟು ನೆನಪಿಟ್ಕೋತೀರಿ' ಎನ್ನುತ್ತೀಯ.

ಇನ್ನು ನಿನ್ನ ಬಾಯಲ್ಲಿ ನನ್ನ ಓದು ನಿಂತೇ ಇಲ್ಲ. ಮೂರನೇ ಸೆಮಿಸ್ಟರ್ ದಾಟಿದೆ, ನಾಲ್ಕೂ ದಾಟಿದೆ. ಪರದೆಯ ಹಿಂದೆ ಕೂತು ನನ್ನ ಮಾರ್ಕ್ಸ್ ನಾನೇ ಕೇಳಿಸಿಕೊಂಡೆ. ಎಪ್ಪತ್ತೆರಡು. ಯಾಕೆ ಇನ್ನೊಂದು ಹತ್ತು ಸೇರಿಸಲಿಲ್ಲ ಎಂದು ರಾತ್ರಿ ತಮಾಷೆಗೆ ಕೇಳಿದ್ದಕ್ಕೆ ನೀನು ಗಂಭೀರವಾಗಿ, 'ಜಾಸ್ತಿ ಹೇಳಿದ್ರೆ ಯಾರೂ ನಂಬಲ್ಲ' ಎಂದೆ. ನಿನ್ನಲ್ಲಿ ಎಂಥ ಶಿಸ್ತಿದೆ ಎಂದು ಅವತ್ತು ಗೊತ್ತಾಯಿತು.

ಆದರೆ ನನಗೆ ಉರಿದದ್ದು ಸುಳ್ಳಿಗಲ್ಲ. ಗೋಡೆಯ ಮೇಲಿನ ಆ ಹಾಳೆಗೆ. ನೀನು ಅಳತೆ ಬರೆಯುವ ಪುಸ್ತಕದಿಂದ ಹಾಳೆ ಹರಿದು, ಸ್ಕೇಲಿಟ್ಟು ಗೆರೆ ಎಳೆದು, ವೇಳಾಪಟ್ಟಿ ಬರೆದು ನನ್ನ ಮಂಚದ ಎದುರು ಅಂಟಿಸಿದೆ. ಐದೂವರೆಗೆ ಏಳುವುದು. ಆರಕ್ಕೆ ವ್ಯಾಯಾಮ. ಏಳಕ್ಕೆ ಓದು. ಎಂಟಕ್ಕೆ ಸ್ನಾನ, ತಿಂಡಿ. ಹತ್ತರಿಂದ ಏಳು, 'ಸದ್ದಿಲ್ಲದೆ ಉಪಯೋಗದ ಕೆಲಸ'. ಒಂಬತ್ತು ತಾಸಿನ ಆ ದೊಡ್ಡ ಚೌಕದಲ್ಲಿ ಬೇರೇನೂ ಬರೆಯಲು ನಿನಗೆ ತೋಚಲಿಲ್ಲ. ಸಂಜೆ ಅಂಗಡಿ ಮುಚ್ಚಿ ಒಳಗೆ ಬಂದು, ಹಾಸಿಗೆಯ ಮೇಲಿದ್ದ ನನ್ನನ್ನು ನೋಡಿ, 'ದಿನಾ ಪೂರ್ತಿ ಹಿಂಗೇ ಬಿದ್ದಿರ್ತೀಯಲ್ಲ, ಮೈ ಜಡ್ಡು ಹಿಡಿಯಲ್ವಾ?' ಎನ್ನುತ್ತಿದ್ದೆ. ಅಮ್ಮ, ನಾನು ಏಳಹೋದರೆ ಮಂಚ ಕಿರುಗುಟ್ಟುತ್ತಿತ್ತು. ಕಿಟಕಿ ತೆರೆದರೆ ಹಿಂದಿನ ಮನೆಯವರಿಗೆ ಕಾಣುತ್ತಿತ್ತು. ಮಲಗಿರುವುದು ಬಿಟ್ಟು ನಿನ್ನ ಮನೆಯಲ್ಲಿ ಸದ್ದಿಲ್ಲದೆ ಮಾಡಬಹುದಾದ ಕೆಲಸ ಇನ್ನೇನಿತ್ತು? ಏಳಲಾಗದ ಕಾಯಿಲೆಯನ್ನು ಹಾಸ್ಟೆಲಿನಿಂದ ತಂದವಳು ನಾನು, ಒಪ್ಪುತ್ತೇನೆ. ಅದಕ್ಕೆ ಹಾಸಿಗೆ ಹಾಸಿಕೊಟ್ಟವಳು ನೀನು.

ಇದನ್ನೆಲ್ಲ ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನಿನ್ನ ಮುಖ ನೋಡಿದರೆ ಬಾಯಿ ಕಟ್ಟುತ್ತಿತ್ತು. ಅಪ್ಪ ಹೋದಾಗ ನನಗೆ ಒಂಬತ್ತು. ಇದೇ ಬೀದಿಯವರು 'ಒಂಟಿ ಹೆಂಗಸು, ಹೊಲಿಗೆ ನಂಬ್ಕೊಂಡು ಹೆಣ್ಮಗೂನ ಏನು ಓದಿಸ್ತಾಳೆ' ಎಂದದ್ದನ್ನು ನೀನು ಮೆಷಿನ್ನಿನ ಮೇಲೆ ಬಗ್ಗಿ ಕೇಳಿಸಿಕೊಂಡವಳು. ನನಗೆ ಸೀಟು ಸಿಕ್ಕಿದ ದಿನ ಅಳತೆಗೆ ಬಂದವರಿಗೆಲ್ಲ ನನ್ನ ಫೋಟೋ ತೋರಿಸಿದೆ. ಅವರ ಎದುರು ಮತ್ತೆ ತಲೆ ತಗ್ಗಿಸುವುದು ನಿನಗೆ ಸಾವಿಗೆ ಸಮ ಎಂದು ಗೊತ್ತಿತ್ತು. ನಿನ್ನ ಮಾನ ಕಾಪಾಡಲು ನಾನೊಬ್ಬಳು ಒಳಗಿದ್ದರೆ ಏನೀಗ ಎಂದು ನಾನೂ ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು, ಹೇಗೂ ನನಗೆ ಹೊರಗೆ ಹೋಗುವ ಮನಸ್ಸಿರಲಿಲ್ಲ.

ಆಮೇಲೆ ಶಾಲೆ ಶುರುವಾಗುವ ಕಾಲ ಬಂತು. ನಲವತ್ತು ಲಂಗ ಸೋಮವಾರಕ್ಕೆ ಕೊಡಬೇಕು, ಶುಕ್ರವಾರ ಮೆಷಿನ್ ಸೂಜಿ ನಿನ್ನ ಹೆಬ್ಬೆರಳಿಗೆ ಇಳಿಯಿತು. ಬಟ್ಟೆ ಸುತ್ತಿಕೊಂಡು ಮೆಷಿನ್ ಓಡಿಸಿದೆ, ಆದರೆ ಕೈಹೊಲಿಗೆ ಆಗಲಿಲ್ಲ. ನೀನು ಏನೂ ಹೇಳದೆ ಬಾಗಿಲು ಅರ್ಧ ತೆಗೆದು ಲಂಗಗಳ ಒಂದು ಗುಡ್ಡೆಯನ್ನೂ ಸೂಜಿದಾರವನ್ನೂ ಒಳಗೆ ತಳ್ಳಿದೆ. ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಮೊದಲ ಲಂಗದ ಅಂಚು ಮಡಿಸಿ ಹೆಮ್ಮಿಂಗ್ ಮಾಡಲು ನನಗೆ ಮೂರು ತಾಸು ಬೇಕಾಯಿತು. ಹೊಲಿಗೆ ಮೇಲ್ಗಡೆ ಎದ್ದು ಕಾಣುತ್ತಿತ್ತು, ಬಿಚ್ಚಿದೆ. ಎರಡನೆಯ ಸಲ ಬಟ್ಟೆ ಸುಕ್ಕಾಯಿತು, ಬಿಚ್ಚಿದೆ. ದಾರವನ್ನು ಉದ್ದ ತೆಗೆದುಕೊಂಡರೆ ಸಿಕ್ಕು ಬೀಳುತ್ತದೆ, ಒಂದು ಮೊಳ ಸಾಕು ಎಂದು ಯಾರೂ ಹೇಳಿಕೊಡದೆ ಗೊತ್ತಾಯಿತು. ಮೇಲಿನ ಬಟ್ಟೆಯಿಂದ ಒಂದೇ ಒಂದು ಎಳೆ ಎತ್ತಿಕೊಂಡು ಹೋದರೆ ಹೊಲಿಗೆ ಕಾಣುವುದೇ ಇಲ್ಲ. ಸಂಜೆಯ ಹೊತ್ತಿಗೆ ಒಂದು ಲಂಗ ಮುಗಿಯಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ವರ್ಷದಲ್ಲಿ ನಾನು ಶುರು ಮಾಡಿ ಮುಗಿಸಿದ ಮೊದಲ ಕೆಲಸ ಅದು. ನನಗೆ ಅಳು ಬಂತು, ದಿಂಬಿನಲ್ಲಿ ಮುಖ ಒತ್ತಿ ಅತ್ತೆ, ಹೊರಗೆ ಟೀಚರಮ್ಮ ಇದ್ದರು.

ಮರುದಿನ ಮೂರು ಲಂಗ. ಅದರ ಮರುದಿನ ಏಳು. ಆ ಕೋಣೆಗೆ ಬೆಳಗ್ಗಿನ ಬೆಳಕು ಕಿಟಕಿಯ ಸಂದಿನಿಂದ ಬೀಳುವುದು ಆರೂವರೆಯಿಂದ ಹತ್ತರವರೆಗೆ ಮಾತ್ರ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಬೇಕಾದರೆ ಆ ಬೆಳಕೇ ಬೇಕು. ಹಾಗಾಗಿ ನಾನು ಆರಕ್ಕೆ ಎದ್ದೆ. ನಿನ್ನ ಹಾಳೆ ನೋಡಿ ಎದ್ದದ್ದಲ್ಲ, ಬೆಳಕು ಹೋಗಿಬಿಡುತ್ತದಲ್ಲ ಎಂದು ಎದ್ದೆ. ಕೈ ಬೆವರಿದರೆ ಬಿಳಿ ಬಟ್ಟೆ ಕೊಳೆಯಾಗುತ್ತದೆ ಎಂದು ಮೊದಲೇ ಸ್ನಾನ ಮಾಡಿದೆ. ಹಸಿವಾದರೆ ಕೈ ನಡುಗುತ್ತದೆ ಎಂದು ಹೊತ್ತಿಗೆ ಸರಿಯಾಗಿ ತಿಂದೆ. ಯಾರೂ ಬುದ್ಧಿವಾದ ಹೇಳದೆ ಇದೆಲ್ಲ ಒಂದರ ಹಿಂದೆ ಒಂದು ತಾನಾಗಿಯೇ ಬಂತು. ಎರಡು ತಿಂಗಳಲ್ಲಿ ಹೆಮ್ಮಿಂಗ್, ಕಾಜಾ, ಗುಂಡಿ ಎಲ್ಲ ನೀನು ನನ್ನ ಪಾಲಿಗೆ ಬಿಟ್ಟೆ. ನಿನಗೂ ಖುಷಿಯಾಯಿತು. ಒಂದು ಸಂಜೆ ನನ್ನ ತಲೆ ಸವರಿದೆ. ನಾನು ಬದುಕಿಕೊಂಡೆ ಎಂದುಕೊಂಡೆ.

ಆಗಲೇ ನೀನು 'ಆಚೆ ಬೀದಿಯ ಹೆಂಗಸ'ನ್ನು ಹುಟ್ಟಿಸಿದ್ದು. ಹೊಲಿಗೆ ಇಷ್ಟು ಚೆನ್ನಾಗಿದೆಯಲ್ಲ, ಯಾರು ಮಾಡಿದ್ದು ಎಂದು ಟೀಚರಮ್ಮ ಕೇಳಿದ್ದಕ್ಕೆ, ಆಚೆ ಬೀದಿಯಲ್ಲಿ ಒಬ್ಬರಿದ್ದಾರೆ, ಮಂಡಿನೋವು, ಎದ್ದು ಓಡಾಡಲಾಗುವುದಿಲ್ಲ, ನಾನೇ ಹೋಗಿ ಕೊಟ್ಟು ತರುತ್ತೇನೆ ಎಂದೆ. ವಾರದೊಳಗೆ ಅವಳಿಗೆ ಇಬ್ಬರು ಮಕ್ಕಳಾದರು. ಮೂಲೆಮನೆಯವರು ಆ ಮಕ್ಕಳಿಗೆಂದು ಎರಡು ಸ್ವೆಟರ್ ಕಳಿಸಿದರು. ಅವು ಈಗಲೂ ನನ್ನ ಮಂಚದ ಕೆಳಗಿವೆ.

ನಾನು ಕೇಳಿದ್ದು ಒಂದೇ. ಮುಂದಿನ ಕೋಣೆಯಲ್ಲಿ, ನಿನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಹೊಲಿಯುತ್ತೇನೆ ಎಂದು. ಓದು ಬಿಟ್ಟು ಬಂದೆ, ಈಗ ಅಮ್ಮನ ಜೊತೆ ಕೆಲಸ ಮಾಡುತ್ತೇನೆ ಎಂದು ನಾನೇ ಹೇಳುತ್ತೇನೆ, ನೀನು ಸುಮ್ಮನೆ ಇದ್ದರೆ ಸಾಕು ಎಂದು. ನೀನು ಸಾರು ಬಡಿಸುತ್ತಿದ್ದೆ. ಸೌಟು ಕೆಳಗಿಟ್ಟು, 'ಈಗ ತಾನೇ ಸರಿಹೋಗ್ತಿದ್ದೀಯ, ಯಾಕೆ ಕೆಡಿಸ್ಕೋತೀಯ? ಇನ್ನೊಂದು ವರ್ಷ ತಾನೇ? ನಿನ್ನ ಕೋರ್ಸು ಮುಗಿಯೋ ಹೊತ್ತಿಗೆ ಮುಗೀತು ಅಂತ ಹೇಳಿ ಕರ್ಕೊಂಡು ಬಂದ್ಬಿಡೋಣ' ಎಂದೆ. ಕರ್ಕೊಂಡು ಬರೋಣ. ಎಲ್ಲಿಂದ ಅಮ್ಮ? ಆ ರಾತ್ರಿಯಿಂದ ನಾನು ನಿನ್ನ ಜೊತೆ ಮಾತು ಕಮ್ಮಿ ಮಾಡಿದೆ. ನಿನಗೆ ಗೊತ್ತಾಯಿತೋ ಇಲ್ಲವೋ, ನಮ್ಮ ಮನೆಯಲ್ಲಿ ಮಾತು ಕಮ್ಮಿಯಾದರೆ ಹೇಗೂ ತಿಳಿಯುವುದಿಲ್ಲ.

ಈಗ ಔಷಧಿ ಅಂಗಡಿ ಆಂಟಿಯ ವಿಷಯ. ಇದಕ್ಕೇ ಈ ಕಾಗದ.

ನಾಲ್ಕು ತಿಂಗಳ ಹಿಂದೆ ಅವರು ಬಂದದ್ದು ಒಂದು ಮಂಗಳವಾರ. ಮಗಳೂ ಜೊತೆಗಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ಶಾಲೆಯಲ್ಲಿದ್ದಾಗ ನನ್ನ ಹಳೆಯ ಪುಸ್ತಕಗಳನ್ನು ಓದಿದವಳು. ಬಟ್ಟೆ ಅಳತೆ ನೆಪ ಮಾತ್ರ. ಆಂಟಿ ಮಗಳನ್ನು ಹಿತ್ತಲ ಕಡೆ ಕಳಿಸಿ, ನಿನ್ನ ಎದುರಿನ ಕುರ್ಚಿಯಲ್ಲಿ ಕೂತು ಅತ್ತರು. ಮಗಳು ಕಾಲೇಜು ಬಿಟ್ಟು ಬಂದು ತಿಂಗಳಾಯಿತು, ಏಳುವುದಿಲ್ಲ, ಸ್ನಾನವಿಲ್ಲ, ಕೇಳಿದರೆ ಗೋಡೆ ನೋಡುತ್ತಾಳೆ, ಗಂಡನಿಗೆ ಹೇಳಿದರೆ ಟಾನಿಕ್ ಕೊಡುತ್ತಾರೆ ಎಂದರು. ಆಮೇಲೆ ಮೂಗು ಒರೆಸಿಕೊಂಡು ನಿನ್ನನ್ನು ಕೇಳಿದರು, 'ನಿಮ್ಮ ಹುಡುಗಿನೂ ಹಾಸ್ಟೆಲಲ್ಲಿದ್ದಾಳಲ್ಲ, ಅವಳಿಗೆ ಯಾವತ್ತಾದ್ರೂ ಹಿಂಗೆ ಆಗಿತ್ತಾ?'

ನನ್ನ ಸೂಜಿ ನಿಂತಿತು. ಈಗ ಅಮ್ಮ ಹೇಳುತ್ತಾಳೆ ಎಂದುಕೊಂಡೆ. ಬೇರೆ ಯಾರಿಗೂ ಬೇಡ, ಇವರೊಬ್ಬರಿಗೆ ಹೇಳುತ್ತಾಳೆ, ಈ ಹೆಂಗಸು ಅಳುತ್ತಿರುವುದು ಒಂದು ವರ್ಷದ ಹಿಂದೆ ಅಮ್ಮ ತಾನೇ ಅತ್ತ ಅಳುವನ್ನು. ಪರದೆ ಸರಿಸಿ ಬಾಗಿಲು ತೆಗೆದು ನನ್ನನ್ನು ತೋರಿಸಿದರೂ ತೋರಿಸಬಹುದು, ನೋಡಿ, ಇವಳೂ ಹಾಗೇ ಇದ್ದಳು, ಈಗ ಆರಕ್ಕೆ ಏಳುತ್ತಾಳೆ ಎಂದು.

ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. 'ನಮ್ಮವಳಿಗೆ ಅಂಥದ್ದೆಲ್ಲ ಏನೂ ಇಲ್ಲ. ತಪ್ಪು ತಿಳ್ಕೋಬೇಡಿ, ನೀವು ಸಲಿಗೆ ಜಾಸ್ತಿ ಕೊಟ್ರಿ. ಬಾಗ್ಲು ಹಾಕ್ಕೊಂಡು ಮಲಗೋಕೆ ಬಿಟ್ರೆ ಯಾರು ತಾನೇ ಏಳ್ತಾರೆ? ಬಾಗ್ಲೇ ಕೀಳಿಸಿ. ಐದೂವರೆಗೆ ಹಾಸಿಗೆ ಸುತ್ತಿಡಿ. ಅಂಗಡೀಲಿ ಕೂರಿಸಿ, ನಾಲ್ಕು ಜನ ನೋಡ್ತಾರೆ ಅಂದ್ರೆ ತಾನಾಗೇ ಸರಿಹೋಗ್ತಾಳೆ.'

ನನ್ನನ್ನು ನಾಲ್ಕು ಜನರ ಕಣ್ಣಿಗೆ ಬೀಳದಂತೆ ಬಾಗಿಲು ಹಾಕಿ ಕೂರಿಸಿದವಳು ನೀನು. ಅವಳ ಬಾಗಿಲನ್ನೇ ಕೀಳಿಸಿದವಳೂ ನೀನು.

ಆಂಟಿ ನಿನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದರು. ಮಗಳನ್ನು ಓದಿಸಿ ದಡ ಮುಟ್ಟಿಸುತ್ತಿರುವ ತಾಯಿಯ ಮಾತಲ್ಲವೇ. ಗುರುವಾರ ಬಡಗಿ ಬಂದು ಬಾಗಿಲು ಕಿತ್ತ. ಅದನ್ನು ಅಂಗಡಿಯ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದಾರೆ ಎಂದು, ಪ್ಯಾಂಟು ಗಿಡ್ಡ ಮಾಡಿಸಲು ಬಂದ ಬಡಗಿಯೇ ನಿನಗೆ ಹೇಳಿದ. ಹುಡುಗಿ ಬಟ್ಟೆ ಬದಲಾಯಿಸಲು ಬಚ್ಚಲಿಗೆ ಹೋಗಬೇಕಂತೆ. ಹತ್ತರಿಂದ ಎಂಟರವರೆಗೆ ಅಂಗಡಿಯಲ್ಲಿ ಕೂತು ಮಾತ್ರೆಯ ಪಟ್ಟಿ ಎಣಿಸುತ್ತಾಳಂತೆ, ಬಂದವರೆಲ್ಲ ಕಾಲೇಜು ಯಾಕೆ ಬಿಟ್ಟೆ ಎಂದು ಕೇಳುತ್ತಾರಂತೆ. ನೀನು ಮಾತ್ರ ಸಂಜೆ ನನ್ನ ಹತ್ತಿರ, 'ನೋಡು, ನಾನು ಹೇಳಿದ್ದು ಹ್ಯಾಗೆ ಕೆಲಸ ಮಾಡ್ತು' ಎಂದೆ.

ಆಮೇಲೆ ಅವಳ ಬಟ್ಟೆಗಳು ಬಂದವು. ಸಡಿಲವಾಗಿವೆ, ಸ್ವಲ್ಪ ಹಿಡಿದು ಕೊಡಿ ಎಂದು. ಮೊದಲ ಸಲ ಸೊಂಟ ಇಪ್ಪತ್ತೆಂಟರಿಂದ ಇಪ್ಪತ್ತಾರೂವರೆಗೆ. ಐದು ವಾರದ ಮೇಲೆ ಅದೇ ಬಟ್ಟೆಗಳು ಮತ್ತೆ ಬಂದವು, ಇಪ್ಪತ್ತನಾಲ್ಕು. ಅಳತೆ ಚೀಟಿಯನ್ನು ಗುಂಡುಸೂಜಿಯಿಂದ ಬಟ್ಟೆಗೇ ಚುಚ್ಚಿ ನೀನು ನನಗೆ ಕಳಿಸುತ್ತೀಯಲ್ಲ, ಹಾಗಾಗಿ ನಾನೂ ನೋಡಿದೆ. ಮೂವತ್ತು ವರ್ಷ ಟೇಪು ಹಿಡಿದ ಕೈ ನಿನ್ನದು. ಯಾರು ಬಸುರಿ, ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಊಟಕ್ಕೆ ಕಷ್ಟ ಎನ್ನುವುದನ್ನು ಅವರ ಗಂಡಂದಿರಿಗಿಂತ ಮೊದಲೇ ಟೇಪಿನಲ್ಲಿ ಓದುವವಳು. ಬೆಳೆದ ಹುಡುಗಿಯ ಸೊಂಟ ಮೂರು ತಿಂಗಳಲ್ಲಿ ನಾಲ್ಕಿಂಚು ಇಳಿದದ್ದು ನಿನಗೆ ಕಾಣದೇ ಹೋಯಿತು ಎಂದು ಮಾತ್ರ ಹೇಳಬೇಡ. ನೀನು ಚೀಟಿಯಲ್ಲಿ ಬರೆದುಕೊಂಡೆ, ಎರಡೂ ಬದಿ ಹಿಡಿದೆ, ಹೆಚ್ಚಿನ ಬಟ್ಟೆ ಕತ್ತರಿಸಿದೆ. ಬಟ್ಟೆ ಅವಳಿಗೆ ಚೆನ್ನಾಗಿ ಕೂತಿತು. ಅಂಚಿನ ಹೆಮ್ಮಿಂಗ್ ನನ್ನದು.

ಮೊನ್ನೆ ಸೋಮವಾರ ಅವಳು ಅಂಗಡಿಯಲ್ಲೇ ಕುಸಿದುಬಿದ್ದಳು. ಆಸ್ಪತ್ರೆಗೆ ಸೇರಿಸಿದ್ದಾರೆ. ವಾರಗಟ್ಟಲೆ ಊಟವನ್ನು ಕರವಸ್ತ್ರದಲ್ಲಿ ಕಟ್ಟಿ ಚರಂಡಿಗೆ ಹಾಕುತ್ತಿದ್ದಳಂತೆ. ಈಗ ಯಾರ ಜೊತೆಯೂ ಮಾತಿಲ್ಲ. ಡಾಕ್ಟರು, ಅವಳಿಗೆ ಬೇಕಾದವರು ಯಾರಾದರೂ ಬಂದು ಮಾತಾಡಿಸಲಿ, ಮಾತಾಡದಿದ್ದರೆ ನಮ್ಮ ಕೈಯಲ್ಲಿ ಹೆಚ್ಚೇನಿಲ್ಲ ಎಂದಿದ್ದಾರೆ ಎಂದು ಟೀಚರಮ್ಮ ನಿನಗೆ ಹೇಳುತ್ತಿದ್ದರು. ನೀನು ಹೊಲಿಗೆ ನಿಲ್ಲಿಸಲಿಲ್ಲ. 'ಹಟ, ಇನ್ನೇನು' ಎಂದೆ. ಆ ಮಾತನ್ನು ಹೇಳುವಾಗ ನಿನ್ನ ಧ್ವನಿ ನಡುಗಿತು. ನನಗೆ ನಿನ್ನ ಧ್ವನಿ ಬಿಟ್ಟು ಬೇರೆ ಕೇಳಲು ಏನೂ ಇಲ್ಲದ್ದರಿಂದ ಅದರ ಏರಿಳಿತ ಚೆನ್ನಾಗಿ ಗೊತ್ತು. ನಿನಗೆ ಭಯವಾಗಿದೆ. ಆಗಲಿ.

ಸಂಜೆ ನಾಲ್ಕರಿಂದ ಆರರವರೆಗೆ ನೋಡಲು ಬಿಡುತ್ತಾರಂತೆ. ಮೂರೂವರೆಗೆ ಟೀಚರಮ್ಮ ಟ್ರಯಲ್ ನೋಡಲು ಬರುತ್ತಾರೆ, ಅವರ ಹಿಂದೆಯೇ ಮೂಲೆಮನೆಯವರು. ಅವರಿಬ್ಬರೂ ಇರುವಾಗಲೇ ನಾನು ಈ ಬಾಗಿಲು ತೆಗೆದು ಹೊರಗೆ ಬರುತ್ತೇನೆ. ಹಿತ್ತಲಿಂದ ಹೋಗಬಹುದು, ಆದರೆ ಹಿತ್ತಲಿಂದ ಹೋದವಳು ಅವಳಿಗೆ ಏನು ಹೇಳಿದರೂ ಅದು ಸುಳ್ಳೇ ಆಗುತ್ತದೆ. ನಿನ್ನನ್ನು ಯಾರ ಎದುರೂ ಸುಳ್ಳಿ ಎನ್ನುವುದಿಲ್ಲ. ಅವರಿಗೊಂದು ನಮಸ್ಕಾರ ಹೇಳಿ, ಈ ಕಾಗದ ನಿನ್ನ ಕೈಗಿಟ್ಟು, ಚಪ್ಪಲಿ ಹಾಕಿಕೊಂಡು ಹೊರಡುತ್ತೇನೆ. ಅವರಿಗೆ ಏನು ಹೇಳಬೇಕೋ ನೀನು ಹೇಳು. ಬೆಳಿಗ್ಗೆಯೇ ಬಂದಳು ಎನ್ನು, ಮತ್ತೆ ರಜೆ ಎನ್ನು. ನಾನು ಬೀದಿಯಲ್ಲಿ ನಡೆಯುವಾಗ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುವವಳೇ. ಎರಡು ಕಥೆ ಒಂದಕ್ಕೊಂದು ಹೊಂದದಿದ್ದರೆ ನಿನ್ನ ಕಷ್ಟ.

ರಾತ್ರಿ ಮನೆಗೆ ಬರುತ್ತೇನೆ. ಎಲ್ಲಿಗೂ ಓಡಿಹೋಗುತ್ತಿಲ್ಲ, ಹೋಗಲು ಜಾಗವಿಲ್ಲ. ನಾಳೆ ಆರಕ್ಕೆ ಏಳುತ್ತೇನೆ, ಮದುವೆಮನೆಯವರ ಹನ್ನೊಂದು ಅಂಗಿಗೆ ಕಾಜಾ ಬಾಕಿಯಿದೆ, ಹೊಲಿಯುತ್ತೇನೆ. ಆದರೆ ಅದನ್ನು ಮುಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತೇನೆ. ಅದು ನಿನಗಾಗದಿದ್ದರೆ ಬಟ್ಟೆ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಅಲ್ಲಿ ಬೆಳಕು ಇನ್ನೂ ಚೆನ್ನಾಗಿದೆ.

ನಿನ್ನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಇದೆ, ಅದಕ್ಕೇ ಇಷ್ಟು ಕಹಿ. ಬೇರೆಯವರ ತಾಯಿ ಹೀಗೆ ಮಾಡಿದ್ದರೆ ನಕ್ಕು ಮರೆತುಬಿಡುತ್ತಿದ್ದೆ.

ಇಂತಿ,
ಇದೇ ಮನೆಯ,
ನಿನ್ನ ಮಗಳು

ತಾ.ಕ.: ಮೇಲಿನದನ್ನು ಓದಿ ನೋಡಿದೆ. ಎಲ್ಲ ತಪ್ಪನ್ನೂ ನಿನ್ನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಂಡ ಹಾಗೆ ಕಾಣುತ್ತದೆ. ಅದಕ್ಕೆ ಇದನ್ನೂ ಬರೆಯಬೇಕು, ಇದೊಂದು ಮಾತ್ರ ನಿನಗೆ ಗೊತ್ತಿಲ್ಲ. ಆ ಮಂಗಳವಾರ ನೀವಿಬ್ಬರೂ ಮಾತಾಡುತ್ತಿದ್ದಾಗ ಅವಳು ಹಿತ್ತಲಲ್ಲಿ ಸುತ್ತಾಡುತ್ತಾ ನನ್ನ ಕಿಟಕಿಯ ಹತ್ತಿರ ಬಂದಳು. ಬೆಳಕಿಗೆಂದು ನಾನು ಬಿಟ್ಟಿದ್ದ ಸಂದಿನಲ್ಲಿ ನನ್ನನ್ನು ನೋಡಿದಳು. ಆಶ್ಚರ್ಯಪಡಲಿಲ್ಲ. ಬಹಳ ಹೊತ್ತು ನನ್ನ ಕೈಯಲ್ಲಿದ್ದ ಸೂಜಿಯನ್ನೇ ನೋಡಿ, ಮೆಲ್ಲಗೆ, 'ಅಕ್ಕ, ನಿಮಗೂ ಏಳೋಕಾಗ್ತಿರ್ಲಿಲ್ವಾ?' ಎಂದು ಕೇಳಿದಳು. ಹೌದು ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ಯಾವ ಸದ್ದೂ ಆಗುತ್ತಿರಲಿಲ್ಲ, ತಲೆಯಾಡಿಸಿದ್ದರೂ ಆಗುತ್ತಿತ್ತು. ನಾನು ಇಲ್ಲ ಎಂದು ತಲೆಯಾಡಿಸಿ, ತುಟಿಯ ಮೇಲೆ ಬೆರಳಿಟ್ಟು, ಕಿಟಕಿ ಹಾಕಿಕೊಂಡೆ. ಈ ನಾಲ್ಕು ತಿಂಗಳಲ್ಲಿ ಅವಳು ನನ್ನನ್ನು ನೋಡಿದ್ದನ್ನು ಯಾರಿಗೂ ಹೇಳಿಲ್ಲ, ತನ್ನ ಅಮ್ಮನಿಗೂ ಹೇಳಿಲ್ಲ.